ಮಟ್ಟಕ್ಕಳಪ್ಪಿಗೆ ಒಯ್ದ ಪಟ್ಟಿ

ಕೊಲಂಬೊ ವಿಮಾನ ನಿಲ್ದಾಣ

ಕೊಲಂಬೊದಲ್ಲಿ ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ, ನನ್ನನ್ನು ಸೀರೆ ವ್ಯಾಪಾರದವಳೆಂದು ತಡೆದು ನಿಲ್ಲಿಸಿಕೊಂಡರು. ತಪ್ಪು ನನ್ನದೇ. ಬಟ್ಟೆಬರೆಯನ್ನೆಲ್ಲ ಚೆನ್ನೈಯ ಪುರಸೈವಾಕ್ಕಂನ ಜವಳಿ ಅಂಗಡಿಯೊಂದರ ದೊಡ್ಡ ಹಳದಿ ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಚೆನ್ನೈಯಿಂದ ಕೊಲಂಬೊಗೆ ಇಂಥದೇ ಚೀಲ ಹಿಡಿದು ವಾರವಾರ ಹಾರಾಡಿ ಸೀರೆ ಮಾರಿ ಬರುವವರಿದ್ದಾರೆ. ಅವರಿಗೆ ತಮಿಳಿನಲ್ಲಿ 'ಕುರುವಿ' ಅನ್ನುತ್ತಾರೆ, ಗುಬ್ಬಚ್ಚಿ ಅಂತ. ನನ್ನ ಗಾತ್ರ ಕಂಡ ಯಾರೂ ನನ್ನನ್ನು ಗುಬ್ಬಚ್ಚಿ ಅನ್ನಲಾರರು. ಆದರೆ ಆ ಸುಂಕದ ಅಧಿಕಾರಿ ನನ್ನನ್ನಲ್ಲ, ಚೀಲವನ್ನು ನೋಡುತ್ತಿದ್ದ.

"ಎಷ್ಟು ಸೀರೆ ಅಮ್ಮಾ?" ಅಂದ, ಸಿಂಹಳ ಬೆರೆತ ತಮಿಳಿನಲ್ಲಿ.

"ಆರು. ಆರೂ ನನ್ನವೇ. ಬೇಕಾದ್ರೆ ಒಂದೊಂದಾಗಿ ಉಟ್ಟು ತೋರಿಸ್ತೀನಿ."

ಅವನು ನಕ್ಕುಬಿಟ್ಟ. ನಗುತ್ತಲೇ ಚೀಲದ ತಳಕ್ಕೆ ಕೈ ಹಾಕಿ ಎರಡು ಸಿ.ಡಿ. ಹೊರತೆಗೆದ. ನಾನು ಹೆದರಿದ್ದು ಇದಕ್ಕೇ. ಅವುಗಳ ಮೇಲೆ ನಾನೇ ದಪ್ಪ ಪೆನ್ನಿನಲ್ಲಿ 'ದೇವರನಾಮ' ಎಂದು ಬರೆದಿದ್ದೆ. ಒಳಗಿದ್ದದ್ದು ದೇವರ ನಾಮವಲ್ಲ. ಆ ದೇಶದ ಯುದ್ಧದ ವರ್ಷಗಳಲ್ಲಿ ಮನೆಯಿಂದ ಹೊರಟು, ಇಲ್ಲವೇ ಮನೆಯಿಂದಲೇ ಯಾರೋ ಎಬ್ಬಿಸಿಕೊಂಡು ಹೋದಮೇಲೆ, ಮತ್ತೆ ತಿರುಗಿ ಬಾರದವರ ಹೆಸರುಗಳಿದ್ದವು. ಹೆಸರು, ತಂದೆಯ ಹೆಸರು, ಊರು, ಕಾಣೆಯಾದ ದಿನ.

"ಹಾಡಾ? ಯಾವ ಭಾಷೆ?"

"ಕನ್ನಡ."

ಅಂಥದೊಂದು ಭಾಷೆಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ಸು ಕೊಟ್ಟ. ಚೆನ್ನೈಯಲ್ಲಿ ಹದಿನೈದು ವರ್ಷ ಕನ್ನಡ ಇಟ್ಟುಕೊಂಡು ನನಗೆ ಇಷ್ಟು ದೊಡ್ಡ ಉಪಕಾರ ಯಾವತ್ತೂ ಆಗಿರಲಿಲ್ಲ.

ವೇಲಚೇರಿ, ಹೊರಡುವ ಮೊದಲು

ನಾನು ಯಾಕೆ ಈ ಉಸಾಬರಿಗೆ ಹೋದೆ ಅನ್ನುವುದನ್ನು ಹೇಳಿಬಿಡಬೇಕು. ನಾವು ಮೈಸೂರಿನವರು. ಯಜಮಾನರು ಶ್ರೀಕಂಠ ಬ್ಯಾಂಕಿನಲ್ಲಿದ್ದಾರೆ, ವರ್ಗವಾಗಿ ಚೆನ್ನೈಗೆ ಬಂದವರು ಇಲ್ಲೇ ಬೇರುಬಿಟ್ಟರು. ಮಗಳು ಅನುಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನನ್ನದು ಕಂಪ್ಯೂಟರ್ ಕೆಲಸ. ಬಹಳ ವರ್ಷ ಪುರಸೈವಾಕ್ಕಂನ ಅದೇ ಜವಳಿ ಅಂಗಡಿಗೆ ಗಿರಾಕಿಗಳ ವಿಳಾಸದ ಪಟ್ಟಿ ನೋಡಿಕೊಳ್ಳುತ್ತಿದ್ದೆ. ಹೊಸ ವರ್ಷಕ್ಕೆ ಅವರು ಗಿರಾಕಿಗಳಿಗೆಲ್ಲ ಕ್ಯಾಲೆಂಡರ್ ಕಳಿಸುತ್ತಾರೆ. ಒಂದೇ ಮನೆಗೆ ಮೂರು ಮೂರು ಹೋಗುತ್ತಿತ್ತು: ಗಂಡನ ಹೆಸರಿಗೊಂದು, ಹೆಂಡತಿಯ ಹೆಸರಿಗೊಂದು, ಅತ್ತೆಯ ಹೆಸರಿಗೊಂದು. ಅದನ್ನು ಹುಡುಕಿ ಒಂದಕ್ಕಿಳಿಸುವ ಪ್ರೋಗ್ರಾಮ್ ಬರೆದು ನಾನು ಆ ಬೀದಿಯಲ್ಲಿ ಸ್ವಲ್ಪ ಹೆಸರು ಮಾಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸಮುದ್ರದಾಚೆ ಯುದ್ಧ ಸ್ವಲ್ಪ ನಿಂತಿತ್ತು. ನಮ್ಮ ವೇಲಚೇರಿಯ ಫ್ಲ್ಯಾಟಿನ ಹತ್ತಿರವೇ ಔಷಧಿ ಅಂಗಡಿಯ ಮೇಲೆ ಎರಡು ಕೋಣೆಯ ಸಣ್ಣ ಸಂಸ್ಥೆಯೊಂದಿತ್ತು. ಕಾಣೆಯಾದವರ ಮನೆಯವರು ತುಂಬಿಕೊಟ್ಟ ಅರ್ಜಿಗಳನ್ನು ಅವರು ಕಂಪ್ಯೂಟರಿಗೆ ಏರಿಸುತ್ತಿದ್ದರು. ಅಲ್ಲಿಯ ಸೆಲ್ವಿ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ಹಿಡಿದಳು. "ಅಕ್ಕಾ, ಒಬ್ಬನಿಗೇ ನಾಲ್ಕು ಅರ್ಜಿ ಇದೆ. ಚರ್ಚಿನವರಿಗೆ ಕೊಟ್ಟಿದಾರೆ, ಕೋವಿಲ್‌ನವರಿಗೆ ಕೊಟ್ಟಿದಾರೆ, ಪೆನ್ನು ಹಿಡ್ಕೊಂಡು ಯಾರು ಬಂದ್ರೂ ಕೊಟ್ಟಿದಾರೆ. ಒಬ್ಬನನ್ನ ನಾಲ್ಕು ಅಂತ ತೋರಿಸಿದ್ರೆ, ಎಲ್ಲಾ ಪೊಯ್, ಬರೀ ಸುಳ್ಳು ಅಂತ ಪಟ್ಟಿಯನ್ನೇ ಎಸೀತಾರೆ."

ಇದು ನನ್ನದೇ ಕೆಲಸ! ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತೆ.

ಆ ಸಂಸ್ಥೆಗೆ ಹೊರದೇಶದವರು ಒಂದು ಸಾಫ್ಟ್‌ವೇರ್ ಕೊಟ್ಟಿದ್ದರು. ಅದರ ಲೆಕ್ಕದಲ್ಲಿ ಹೆಸರು ಬೇರೆಯಾದರೆ ಮನುಷ್ಯನೂ ಬೇರೆ. ನನಗೆ ನಗು ಬಂತು. ನಮ್ಮವರನ್ನು ಇವರು ಏನು ಬಲ್ಲರು? ದಾಖಲೆಯಲ್ಲಿ ನಾನು ವಿಜಯಲಕ್ಷ್ಮಿ, ಮನೆಯಲ್ಲಿ ಪಾಪಚ್ಚಿ. ಬ್ಯಾಂಕಿನ ದೊಡ್ಡ ಆಫೀಸರು ಶ್ರೀಕಂಠ ಅವರಮ್ಮನ ಬಾಯಲ್ಲಿ ಇವತ್ತಿಗೂ ಗುಂಡ. ತಮಿಳರಲ್ಲೂ ಹಾಗೇ, ಮನೆಗೊಂದು ಹೆಸರು, ಸ್ಕೂಲಿಗೊಂದು ಹೆಸರು. ಅದಕ್ಕೇ ಒಂದು ನಿಯಮ ಸೇರಿಸಿದೆ. ತಂದೆ, ಊರು, ಹುಟ್ಟಿದ ದಿನ, ಕಾಣೆಯಾದ ದಿನ, ಈ ನಾಲ್ಕೂ ಒಂದೇ ಆಗಿದ್ದು ಹೆಸರೊಂದು ಮಾತ್ರ ಬೇರೆಯಿದ್ದರೆ ಅದು ಮನೆಯ ಹೆಸರು. ಉದ್ದದ ಹೆಸರನ್ನು ಇಟ್ಟುಕೋ, ಗಿಡ್ಡದನ್ನು ಅಳಿಸು. ಪಟ್ಟಿ ಚೊಕ್ಕವಾಯಿತು. ಹೆಮ್ಮೆಯಿಂದ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಪಟ್ಟಿಯನ್ನು ಆ ದೇಶದ ಪೂರ್ವ ಕರಾವಳಿಯ ಊರು ಮಟ್ಟಕ್ಕಳಪ್ಪಿಗೆ ಒಯ್ದು ಮನೆಯವರಿಗೇ ತೋರಿಸಿ ಸರಿಯೇ ಎಂದು ಕೇಳಬೇಕಿತ್ತು. "ನಾನೇ ಹೋಗ್ತೀನಿ" ಅಂದೆ. ಯಜಮಾನರು ಪೇಪರಿನ ಹಿಂದಿನಿಂದ "ನೀನಾ?" ಅಂದರು. ಅನು "ಅಮ್ಮಾ, ಪತ್ತಿರಮಾ ಪೋಯಿಟ್ಟು ವಾ" ಅಂದಳು. ಹುಷಾರಾಗಿ ಹೋಗಿ ಬಾ ಅಂತ.

ದಾರಿಯಲ್ಲಿ

ಕೊಲಂಬೊದಿಂದ ಮಟ್ಟಕ್ಕಳಪ್ಪಿಗೆ ವ್ಯಾನಿನಲ್ಲಿ ಇಡೀ ದಿನದ ದಾರಿ. ಅರ್ಧ ದಾರಿ ಕಣ್ಣಿಗೆ ತಂಪು, ಇನ್ನರ್ಧ ಇಳಿದು ಹತ್ತುವುದೇ ಆಯಿತು. ಚೆಕ್‌ಪೋಸ್ಟ್ ಬಂದಾಗಲೆಲ್ಲ ಎಲ್ಲರೂ ಇಳಿದು, ಸಾಲಾಗಿ ನಡೆದು, ಗುರುತಿನ ಚೀಟಿ ತೋರಿಸಿ ಆಚೆ ಬದಿಯಲ್ಲಿ ಹತ್ತಬೇಕು. ನಾನು ಗೊಣಗಿಕೊಂಡೇ ಇಳಿಯುತ್ತಿದ್ದೆ. ಉಳಿದವರು ಯಾರೂ ಗೊಣಗುತ್ತಿರಲಿಲ್ಲ, ನಮ್ಮೂರಲ್ಲಿ ಸಿಗ್ನಲ್ಲಿಗೆ ನಿಂತಷ್ಟೇ ಸಹಜವಾಗಿ ಇಳಿದು ಹತ್ತುತ್ತಿದ್ದರು. ಮೂರನೆಯ ಕಡೆ ನಾನೂ ಬಾಯಿ ಮುಚ್ಚಿಕೊಂಡೆ.

ಊಟದ ಹೋಟೆಲಿನಲ್ಲಿ ಶ್ಯಾವಿಗೆಯ ಜೊತೆ ಕೆಂಪಗೆ ಒಂದು ತೆಂಗಿನಕಾಯಿ ಚಟ್ನಿ ಕೊಟ್ಟರು. ಆಹಾ, ಏನು ರುಚಿ! ಇನ್ನೆರಡು ಸಲ ಹಾಕಿಸಿಕೊಂಡೆ. ಮುಗಿದ ಮೇಲೆ ಇದಕ್ಕೇನು ಹಾಕುತ್ತೀರಿ ಎಂದು ಕೇಳಿದೆ. "ಒಣಮೀನಿನ ಪುಡಿ" ಅಂದ ಹೋಟೆಲಿನವನು, ನನ್ನ ಮುಖದ ಮೇಲಿನ ಸಂತೋಷಕ್ಕೆ ತಾನೂ ಸಂತೋಷಪಟ್ಟು. ಅಯ್ಯೋ ರಾಮ! ವ್ಯಾನಿನಲ್ಲಿ ಹಿಂದಿನ ಸೀಟಿನ ಮುದುಕಿ ನನ್ನ ಬೆನ್ನು ಸವರಿ, "ಏನೂ ಆಗಲ್ಲ ಪುಳ್ಳೆ, ಅದು ಒಣಗಿಹೋಗಿರೋ ಮೀನು" ಎಂದು ಸಮಾಧಾನ ಹೇಳಿದಳು. ಪುಳ್ಳೆ ಅಂದರೆ ಮಗೂ. ನಲವತ್ತು ದಾಟಿದ ನನ್ನನ್ನು ಆ ಸೀಮೆಯಲ್ಲಿ ಎಲ್ಲರೂ ಹಾಗೇ ಕರೆದರು. (ಅವರ ತಮಿಳನ್ನು ಇಲ್ಲಿ ನಮ್ಮ ಮೈಸೂರಿನ ಮಾತಿನಲ್ಲೇ ಬರೆಯುತ್ತಿದ್ದೇನೆ, ಬೇರೆ ದಾರಿ ನನಗೆ ತಿಳಿಯದು.)

ಮಟ್ಟಕ್ಕಳಪ್ಪು, ಬುಧವಾರ

ನನ್ನನ್ನು ಎದುರುಗೊಂಡವರು ಜೆಸಿಂತಾ ಟೀಚರ್. ನಿವೃತ್ತ ಶಾಲಾ ಮೇಡಂ, ಕಡ್ಡಿಯಂಥ ಶರೀರ, ಕಾಣೆಯಾದವರ ಮನೆಯವರನ್ನೆಲ್ಲ ಒಟ್ಟಿಗೆ ಸೇರಿಸಿದವರು ಅವರೇ. ಸೈಕಲ್ ತಂದಿದ್ದರು. "ಹತ್ತಿ" ಎಂದು ಹಿಂದಿನ ಕ್ಯಾರಿಯರ್ ತೋರಿಸಿದರು. ನಾನು ಅವರನ್ನೂ ಸೈಕಲ್ಲನ್ನೂ ನೋಡಿದೆ. ಆ ಊರಲ್ಲಿ ಹೆಂಗಸರೆಲ್ಲ ಸೈಕಲ್ಲಿನ ಮೇಲೆಯೇ ಇರುತ್ತಾರೆ, ಸೀರೆ ಉಟ್ಟ ಅಜ್ಜಿಯರು ಕೂಡ. ಹತ್ತಿದೆ. ಸೇತುವೆಯ ಏರಿನಲ್ಲಿ ಇಬ್ಬರೂ ಸೈಕಲ್ಲಿನ ಸಮೇತ ಮಗುಚಿಕೊಂಡೆವು. ಟೀಚರ್ ಎದ್ದು ಮಣ್ಣು ಕೊಡವಿಕೊಂಡು, "ಇಂಡಿಯಾದ ಸಹಾಯ ಭಾರವಾಗಿದೆ" ಅಂದರು. ಅವರ ಮೇಲೆ ನನಗೆ ಅಲ್ಲೇ ಪ್ರೀತಿ ಹುಟ್ಟಿತು.

ಮನೆಯಲ್ಲಿ ಹಾಲಿಲ್ಲದ ಟೀ ಕೊಟ್ಟರು. ಸಕ್ಕರೆಯನ್ನು ಲೋಟಕ್ಕೆ ಹಾಕದೆ ನನ್ನ ಅಂಗೈಗೆ ಹಾಕಿದರು, ತೀರ್ಥ ಕೊಟ್ಟ ಹಾಗೆ. ಒಂದು ಗುಟುಕು ಟೀ, ಒಂದು ನೆಕ್ಕು ಸಕ್ಕರೆ. ಚೆನ್ನೈಯ ಡಿಕಾಕ್ಷನ್ ಕಾಫಿಗೆ ಪಳಗಿದ ನಾಲಿಗೆ ಮೊದಲು ಮುನಿಸಿಕೊಂಡು ಆಮೇಲೆ ಒಪ್ಪಿಕೊಂಡಿತು.

ಟೀ ಕುಡಿಯುತ್ತ ಟೀಚರ್ ವಿಷಯ ಹೇಳಿದರು. ಶನಿವಾರ ಕೊಲಂಬೊದಿಂದ ವಿಚಾರಣೆಯ ತಂಡ ಬರುತ್ತದೆ. ಪಟ್ಟಿಯಲ್ಲಿರುವವರ ಬಗ್ಗೆ ಮಾತ್ರ ಅವರು ಠಾಣೆ, ಜೈಲು, ಸೈನ್ಯದ ಕ್ಯಾಂಪು, ಹೀಗೆ ಎಲ್ಲ ಕಡೆ ಕಾಗದ ಬರೆದು ಕೇಳುತ್ತಾರೆ. ಆಮೇಲೆ ಹೆಸರು ಸೇರಿಸುವಂತಿಲ್ಲ. "ಪಟ್ಟಿಯಲ್ಲಿ ಇಲ್ಲದವರನ್ನು ಯಾರೂ ಕೇಳಲ್ಲ, ವಿಜಯಾ. ಅಷ್ಟೇ" ಅಂದರು.

"ನನ್ನ ಪಟ್ಟಿಯಲ್ಲಿ ತಪ್ಪಿರಲ್ಲ ಟೀಚರ್" ಅಂದೆ ನಾನು. ಆ ಮಾತು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಗುರುವಾರ

ಶಾಲೆಯ ಹಾಲಿನಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಹಾಗೆ ಪಟ್ಟಿಯ ಹಾಳೆಗಳನ್ನು ಕ್ಲಿಪ್ಪು ಹಾಕಿ ತೂಗುಬಿಟ್ಟೆವು. ಜನ ಬೆಳಗಿನಿಂದಲೇ ಬಂದರು. ಹೆಚ್ಚಾಗಿ ಹೆಂಗಸರು. ಗಲಾಟೆಯಿಲ್ಲ, ಅಳುವಿಲ್ಲ. ಓದು ಬಾರದವರಿಗೆ ಓದು ಬಲ್ಲವರು ಬೆರಳಿಟ್ಟು ತೋರಿಸುತ್ತಿದ್ದರು. ಹೆಸರು ಸಿಕ್ಕಿದವರು ಅದನ್ನು ಮುಟ್ಟುತ್ತಿದ್ದರು. ಮುಟ್ಟಿ ಅಲ್ಲೇ ನಿಲ್ಲುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಲವು ಸಾಲುಗಳ ಶಾಯಿ ಬೆವರಿಗೆ ಕದಡಿಹೋಗಿತ್ತು. ಆ ಸಾಲುಗಳನ್ನು ಒಂದೊಂದಾಗಿ ಜರಡಿ ಹಿಡಿದವಳು ನಾನು, ಆದರೆ ಅವು ಯಾರದೋ ಮನೆಯ ಮಕ್ಕಳು ಎಂದು ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಹೊರಗೆ ಹೋಗಿ ನಿಂತುಕೊಂಡೆ.

ಅಲ್ಲಿಗೆ ಬಂದವರು ಪೊನ್ನಮ್ಮ. ಅರವತ್ತರ ಆಸುಪಾಸಿನ ಹೆಂಗಸು, ಮಾಸಿದ ಬಿಳಿಯ ಸೀರೆ, ಕೈಯಲ್ಲಿ ಮಡಿಸಿದ ಕೊಡೆ. "ನೀನೇ ಅಲ್ವಾ ಪುಳ್ಳೆ ಪಟ್ಟಿ ಮಾಡ್ದೋಳು? ಒಬ್ಬ ಇದಾನೆ. ಇನ್ನೊಬ್ಬ ಎಲ್ಲಿ?"

ಒಳಗೆ ಹೋಗಿ ನೋಡಿದೆವು. ಯೋಗರಾಜನ್, ತಂದೆ ಕದಿರವೇಲು. ಸರಿಯಾಗಿತ್ತು.

"ಇವನು ದೊಡ್ಡೋನು. ಚಿನ್ನವನ್ ಎಲ್ಲಿ? ಅವನಿಗೂ ಬೇರೆ ಅರ್ಜಿ ಕೊಟ್ಟಿದ್ದೆ ನಾನು."

"ಚಿನ್ನವನ್ ಅಂದ್ರೆ ಚಿಕ್ಕವನು ಅಂತ ಮನೇಲಿ ಕರೆಯೋ ಹೆಸರಲ್ವಾ ಅಮ್ಮಾ? ಇವನದೇ ಇನ್ನೊಂದು ಹೆಸರು ಅಂತ..." ಅನ್ನುತ್ತಿದ್ದಂತೆ ನನ್ನ ಮಾತು ನನಗೇ ತಡೆಯಿತು. "ಅವನು ಹುಟ್ಟಿದ್ದು ಯಾವಾಗ?"

"ಇದೇನು ಕೇಳ್ತೀಯ? ಇವನ ಹಿಂದೇನೇ. ಅವಳಿ."

ಒಂದೇ ತಂದೆ, ಒಂದೇ ಊರು, ಒಂದೇ ದಿನ ಹುಟ್ಟಿದವರು, ಒಂದೇ ದಿನ ಹೋದವರು. ನಾಲ್ಕಕ್ಕೆ ನಾಲ್ಕೂ ಒಂದೇ. ಹೊರದೇಶದವರ ಸಾಫ್ಟ್‌ವೇರು ಇಬ್ಬರನ್ನೂ ಉಳಿಸಿತ್ತು. ನಮ್ಮವರನ್ನು ಬಲ್ಲ ನಾನು ಒಬ್ಬನನ್ನು ಅಳಿಸಿಹಾಕಿದ್ದೆ.

"ತಪ್ಪು ನನ್ನದು ಅಮ್ಮಾ" ಅಂದೆ. ಬೈದಿದ್ದರೆ ಒಳ್ಳೆಯದಿತ್ತು. ಪೊನ್ನಮ್ಮ "ಹೋಗ್ಲಿ, ಅವರಪ್ಪನಿಗೇ ಗೊತ್ತಾಗ್ತಿರಲಿಲ್ಲ" ಅಂದರು. "ಒಬ್ಬ ಮಾಡಿದ ತಪ್ಪಿಗೆ ಇನ್ನೊಬ್ಬನಿಗೆ ಹೊಡೀತಿದ್ರು. ಆದ್ರೆ ಈಗ ಅವನನ್ನ ಸೇರಿಸು."

ಶುಕ್ರವಾರ

ಬೆಳಿಗ್ಗೆ ಬೀದಿಯ ತುದಿಯ ಫೋನಿನ ಅಂಗಡಿಯಿಂದ ಸೆಲ್ವಿಗೆ ಕರೆ ಮಾಡಿದೆ. ಪ್ರೋಗ್ರಾಮ್ ಓಡಿಸುವ ಮೊದಲಿನ ಪಟ್ಟಿಯ ಒಂದು ಪ್ರತಿಯನ್ನು ಅವಳು ಎತ್ತಿಟ್ಟಿದ್ದಳು, ನನ್ನನ್ನು ಕೇಳದೆ. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. "ಟೆನ್ಷನ್ ಆವಾದೀಂಗ ಅಕ್ಕಾ", ಗಾಬರಿಯಾಗಬೇಡಿ ಎಂದು, ಆ ನಿಯಮಕ್ಕೆ ಸಿಕ್ಕಿ ಅಳಿದುಹೋದ ಹೆಸರುಗಳನ್ನೆಲ್ಲ ಓದಿ ಹೇಳಿದಳು. ಲೈನು ನಡುನಡುವೆ ಕಡಿದುಹೋಗುತ್ತಿತ್ತು. ಒಟ್ಟು ಹದಿನಾಲ್ಕು. ಕಾಗದದ ಮೇಲೆ ಬರೆದುಕೊಂಡು ಟೀಚರ ಮುಂದೆ ಇಟ್ಟೆ.

ಅವರು ಸೈಕಲ್ ತೆಗೆದರು. ಈ ಸಲ ನನಗೂ ಪಕ್ಕದ ಮನೆಯಿಂದ ಒಂದು ಸೈಕಲ್ ತಂದುಕೊಟ್ಟರು. ಇಪ್ಪತ್ತು ವರ್ಷದ ನಂತರ ತುಳಿದೆ. ಕೆರೆಯಂಥ ಹಿನ್ನೀರಿನ ಪಕ್ಕ, ಬೇಲಿಗಳ ನಡುವೆ, ಮನೆಮನೆಗೆ. ಕೇಳುವುದು ಒಂದೇ ಪ್ರಶ್ನೆ: ಇವನೂ ಅವನೂ ಒಬ್ಬನಾ, ಇಬ್ಬರಾ?

ಹೆಚ್ಚಿನವರು ಒಬ್ಬನೇ ಅಂದರು. ಒಂದು ಮನೆಯಲ್ಲಿ ಕಾಣೆಯಾದವನ ಹೆಂಡತಿ ನಗಾಡಿದಳು: "ಅತ್ತೆ ಕುಂಜು ಅಂತ, ಮರಿ ಅಂತ ಬರೆಸಿದ್ರಾ? ಮೀಸೆ ಬಂದ ಗಂಡಸಿಗೆ!" ನಕ್ಕವಳು ಕಾಗದ ಇಸಿದುಕೊಂಡು ಆ ಹೆಸರಿನ ಮೇಲೆ ಬೆರಳಾಡಿಸಿದಳು. ಇನ್ನೊಂದು ಕಡೆ ಮನೆಯೇ ಇರಲಿಲ್ಲ, ತಳಪಾಯದ ಮೇಲೆ ಗಿಡ ಬೆಳೆದಿತ್ತು. ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ. "ಏನು ಮಾಡೋದು?" ಅಂದರು ಟೀಚರ್. "ಎರಡು ಅಂತಲೇ ಬಿಡೋಣ. ಒಬ್ಬನೇ ಆಗಿದ್ರೆ ಎರಡು ಸಲ ಕೇಳಲಿ, ಯಾರಪ್ಪನ ಗಂಟು ಹೋಗುತ್ತೆ?" ಅಂದೆ. ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ.

ಕೊನೆಗೆ ಪೊನ್ನಮ್ಮನ ಮನೆ. ಮೊದಲಿನದರಲ್ಲಿ ಬರೀ ಮನೆಯ ಹೆಸರಿತ್ತು, ಹಾಗಾಗಿ ಚಿನ್ನವನ ಅರ್ಜಿಯನ್ನು ಹೊಸದಾಗಿ ತುಂಬಬೇಕಿತ್ತು. ಟೀಚರ್ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನೂರಾರು ಅರ್ಜಿಗಳನ್ನು ಅರೆದು ಕುಡಿದವಳು ನಾನು, ಒಂದನ್ನೂ ಒಬ್ಬರ ಎದುರಿಗೆ ಕೂತು ಬರೆದವಳಲ್ಲ.

ದಾಖಲೆಯ ಹೆಸರು ಯೋಗನಾದನ್. ಆಮೇಲೆ ಆ ದಿನದ ವಿವರ. ಪೊನ್ನಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಹೇಳಿದರು.

"ದೊಡ್ಡೋನನ್ನ ಅಂಗಳದಿಂದ ಕರ್ಕೊಂಡು ಹೋದ್ರು. ಚಿನ್ನವನ್ ಜ್ವರ ಬಂದು ಒಳಗೆ ಮಲಗಿದ್ದ. ಅವನನ್ನ ಯಾರೂ ಕೇಳಲಿಲ್ಲ, ನೋಡಲೂ ಇಲ್ಲ. ತಾನಾಗೇ ಎದ್ದ. ಅಂಗಿ ಹಾಕ್ಕೊಳ್ತಾ, ಅಣ್ಣನ್ನ ಬಿಡಿಸ್ಕೊಂಡು ಬರ್ತೀನಮ್ಮಾ ಅಂತ ಹಿಂದೇನೇ ಓಡಿದ. ಗುಂಡಿ ಕೂಡ ಹಾಕ್ಕೊಂಡಿರಲಿಲ್ಲ."

ನನಗೆ ಬರೆಯಲಾಗಲಿಲ್ಲ. ಅಣ್ಣನಿಗಾಗಿ ಓಡಿದವನನ್ನೇ ನಾನು ಅಳಿಸಿದ್ದು. ಕಣ್ಣೀರು ಅರ್ಜಿಯ ಮೇಲೆ ಬೀಳದಿರಲಿ ಎಂದು ಮುಖ ತಿರುಗಿಸಿದೆ. ಪೊನ್ನಮ್ಮ ಏನೂ ಕಾಣದವರ ಹಾಗೆ ಮೊರ ಕೊಡವುತ್ತಿದ್ದರು.

ಗುರುತಿನ ಕಲಂ ಬಂತು. ಮಚ್ಚೆ, ಗಾಯ, ಹಲ್ಲು, ಹೀಗೆ ಒಂದೊಂದಕ್ಕೂ ಒಂದು ಅಂಕಿ ಇದೆ, ಅದನ್ನು ಹಾಕಬೇಕು. ದೊಡ್ಡವನಿಗೆ ಹುಬ್ಬಿನ ಮೇಲೆ ಗಾಯವಿತ್ತು. ಚಿಕ್ಕವನಿಗೆ?

"ಅವನಿಗೆ ಏನೂ ಇಲ್ಲ" ಎಂದು ಯೋಚಿಸಿದರು. "ನಡೆಯೋ ರೀತಿ ಬೇರೆ. ಇಬ್ಬರನ್ನೂ ದೂರದಿಂದ ನಡೆದು ಬರೋಕೆ ಹೇಳಿ. ಯಾರು ಯಾರು ಅಂತ ನಾನು ಹೇಳ್ತೀನಿ."

ಅದಕ್ಕೆ ಅಂಕಿ ಇರಲಿಲ್ಲ. ಅವರು ಹೇಳಿದ ಮಾತನ್ನೇ ಬರೆದೆ.

ಶನಿವಾರ

ತಂಡದಲ್ಲಿ ಮೂವರಿದ್ದರು. ಹಿರಿಯರೊಬ್ಬರು ಮೇಜಿನ ನಡುವೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಪಟ್ಟಿಯನ್ನು ಸಾಲುಸಾಲಾಗಿ ಓದುತ್ತ ಹೋದರು. ಒಳ್ಳೆಯ ಮನುಷ್ಯ ಅನ್ನಿಸಿತು, ಯಾವ ಹೆಸರನ್ನೂ ಹಾರಿಸಲಿಲ್ಲ. ಪಕ್ಕದವರು ಅದನ್ನು ತಮಿಳಿನಲ್ಲಿ ಕೂಗುತ್ತಿದ್ದರು. ಹೆಸರು ಬಂದಾಗ ಮನೆಯವರು ಎದ್ದು ನಿಂತು ಕೂರುತ್ತಿದ್ದರು. ಚಿನ್ನವನ ಹೊಸ ಸಾಲನ್ನು ನಾನೇ ಟೈಪು ಮಾಡಿ ಅಣ್ಣನ ಕೆಳಗೇ ಹಾಕಿದ್ದೆ. ಮೂರು ಸಲ ಓದಿ ನೋಡಿದ್ದೆ.

ಯೋಗರಾಜನ್ ಹೆಸರು ಬಂತು. ಪೊನ್ನಮ್ಮ ಎದ್ದು ನಿಂತು ಕೂತರು. ಮುಂದಿನ ಸಾಲಿಗೆ ಹಿರಿಯರು ನಿಂತುಬಿಟ್ಟರು. ಬೆರಳಿನಿಂದ ಮೇಲಿನ ಸಾಲು, ಕೆಳಗಿನ ಸಾಲು ಹೋಲಿಸಿ ನೋಡಿದರು.

"ತಂದೆ ಅದೇ, ಊರು ಅದೇ, ತಾರೀಖೂ ಅದೇ. ಒಬ್ಬನನ್ನೇ ಎರಡು ಸಲ ಹಾಕಿದ್ದೀರಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಎರಡನೆಯ ಸಾಲನ್ನು ಹೊಡೆದುಹಾಕಲು ಪೆನ್ನೆತ್ತಿದರು.

ನಾನು ಎದ್ದೆ. ಇಂಗ್ಲಿಷು, ತಮಿಳು ಎರಡೂ ಎಲ್ಲಿ ಹೋದವೋ, ಬಾಯಿಗೆ ಬಂದದ್ದು "ಬೇಡ, ಬೇಡ, ಹೊಡೀಬೇಡಿ!" ಇಡೀ ಹಾಲಿನಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ಅಷ್ಟರಲ್ಲಿ ಪೊನ್ನಮ್ಮ ಮೇಜಿನ ಹತ್ತಿರ ಹೋಗಿಯಾಗಿತ್ತು. ಆ ಪೆನ್ನಿನ ಕೆಳಗೆ, ಕಾಗದದ ಮೇಲೆ ತಮ್ಮ ಕೈಯನ್ನು ಚಪ್ಪಟೆಯಾಗಿ ಇಟ್ಟರು. ಧ್ವನಿ ಏರಿಸಲಿಲ್ಲ.

"ಇಬ್ಬರನ್ನೂ ಹೆತ್ತೋಳು ನಾನು, ಐಯಾ. ಇಬ್ಬರ ಬಗ್ಗೆನೂ ಕೇಳಿ."